ಬಫರ್ ಈಗ ಯಾರ ಕೈಯಲ್ಲಿದೆ? ಡಿಎಂಎ ಕುರಿತು ಓದುಗರ ಪ್ರಶ್ನೆಗಳು

ಲಿನಕ್ಸ್ ಡ್ರೈವರ್ (ಹಾರ್ಡ್‌ವೇರನ್ನು ನಡೆಸುವ ತಂತ್ರಾಂಶ) ಬರೆಯುವವರಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಡಿಎಂಎ ಬಗ್ಗೆಯೇ ಇವೆ. ಸಿಪಿಯು ಒಂದೊಂದೇ ಪದವನ್ನು ಸಾಗಿಸುವ ಬದಲು ಕಾರ್ಡ್ ತಾನೇ ಮುಖ್ಯ ಮೆಮೊರಿಯಿಂದ ಓದುವುದು, ಅಲ್ಲಿಗೇ ಬರೆಯುವುದು ಡಿಎಂಎ, ಅಂದರೆ ಡೈರೆಕ್ಟ್ ಮೆಮೊರಿ ಆಕ್ಸೆಸ್. ಕೇಳಲು ಸರಳ. ತೊಂದರೆ ಬರುವುದು ಒಂದೇ ಬಫರಿನ (ಡೇಟಾ ಇಡುವ ಮೆಮೊರಿ ತುಂಡಿನ) ಮೇಲೆ ಸಿಪಿಯು, ಕಾರ್ಡ್ ಇಬ್ಬರೂ ಒಟ್ಟಿಗೆ ಕೈಯಿಟ್ಟಾಗ. ಒಂದೇ ತೆರನ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಭೋಸರಿ, ಪುಣೆ: ನಮ್ಮ ಟೆಸ್ಟ್ ಬೆಂಚಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ 2 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯುತ್ತಿತ್ತು. 32 ಜಿಬಿಯ ಹೊಸ ಯಂತ್ರಕ್ಕೆ ಹಾಕಿದ ಮೇಲೆ 1 ಎಂಬಿ ಬಫರನ್ನು ಮ್ಯಾಪ್ ಮಾಡಲು, ಅಂದರೆ ಕಾರ್ಡ್ ಬಳಸಬಲ್ಲ ವಿಳಾಸ ಪಡೆಯಲು, ಹೋದರೆ ‘ಸ್ವಿಯೋಟಿಎಲ್‌ಬಿ ಬಫರ್ ಈಸ್ ಫುಲ್’ ಎಂದು ಲಾಗ್‌ನಲ್ಲಿ ಬರುತ್ತದೆ. ಬೂಟ್ ಸಾಲಿನಲ್ಲಿ ಅದರ ಗಾತ್ರ ದುಪ್ಪಟ್ಟು ಮಾಡಿದರೂ ಅದೇ ಗತಿ.

ಉತ್ತರ: ‘ಫುಲ್’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಅದೇ ಸಾಲಿನ ಕೊನೆಯಲ್ಲಿ ಒಟ್ಟು ಎಷ್ಟು ಸ್ಲಾಟ್, ಬಳಕೆಯಲ್ಲಿ ಎಷ್ಟು ಎಂಬ ಲೆಕ್ಕವೂ ಇರುತ್ತದೆ. ನಿಮ್ಮಲ್ಲಿ ಬಹುಶಃ ಹೆಚ್ಚಿನವು ಖಾಲಿಯೇ ಇವೆ. 32 ಬಿಟ್ ವಿಳಾಸವನ್ನಷ್ಟೇ ಬಲ್ಲ ಕಾರ್ಡಿಗೆ 4 ಜಿಬಿಗಿಂತ ಮೇಲಿರುವ ಬಫರ್ ಕೊಟ್ಟರೆ, ಕರ್ನಲ್ (ಲಿನಕ್ಸಿನ ತಿರುಳು) ಅದನ್ನು ಕೆಳಗಿನ ಒಂದು ನಡುವಣ ಬಫರಿಗೆ, ಅಂದರೆ ಸ್ವಿಯೋಟಿಎಲ್‌ಬಿಗೆ, ನಕಲು ಮಾಡಿ ಸಾಗಿಸುತ್ತದೆ, ಮುಂಬಯಿ ಲೋಕಲ್‌ನಲ್ಲಿ ವಿರಾರಿನಿಂದ ಠಾಣೆಗೆ ಹೊರಟವರು ದಾದರಿನಲ್ಲಿ ಇಳಿದು ಗಾಡಿ ಬದಲಿಸುವ ಹಾಗೆ. ಈ ನಡುವಣ ಜಾಗ ಮಾಮೂಲಿಯಾಗಿ 64 ಎಂಬಿ, ಅಂದರೆ 2 ಕೆಬಿಯ 32768 ಸ್ಲಾಟ್. ಆದರೆ ಒಂದು ಮ್ಯಾಪಿಂಗಿಗೆ ಸಾಲಾಗಿ 128 ಸ್ಲಾಟ್‌ಗಿಂತ ಹೆಚ್ಚು ಸಿಗುವುದಿಲ್ಲ. ಅದು 256 ಕೆಬಿ. ಒಟ್ಟು ಜಾಗವನ್ನು ಎಷ್ಟು ಹಿಗ್ಗಿಸಿದರೂ 1 ಎಂಬಿಯ ಒಂದೇ ತುಂಡು ಅದರಲ್ಲಿ ಹಿಡಿಸದು. ಈ ಮಿತಿಯನ್ನು ಡ್ರೈವರ್ ತಾನೇ ಕೇಳಿ ತಿಳಿಯಲು ಡಿಎಂಎ_ಮ್ಯಾಕ್ಸ್_ಮ್ಯಾಪಿಂಗ್_ಸೈಜ್ ಇದೆ.

ಮೊದಲು ಕಾರ್ಡಿನ ರಿಜಿಸ್ಟರ್ ಪಟ್ಟಿ ತೆಗೆಯಿರಿ. ವಿಳಾಸಕ್ಕೆ ಒಂದೇ ರಿಜಿಸ್ಟರ್ ಇದೆಯೋ, ಕೆಳಗಿನ 32 ಬಿಟ್ ಮೇಲಿನ 32 ಬಿಟ್ ಎಂದು ಎರಡಿವೆಯೋ ನೋಡಿ. ಎರಡಿದ್ದರೆ ಕೆಲಸ ಸುಲಭ. ಪ್ರೋಬ್‌ನಲ್ಲಿ, ಅಂದರೆ ಕಾರ್ಡ್ ಸಿಕ್ಕಾಗ ಓಡುವ ಡ್ರೈವರ್ ಫಂಕ್ಷನ್ನಿನಲ್ಲಿ, ಡಿಎಂಎ_ಸೆಟ್_ಮಾಸ್ಕ್_ಅಂಡ್_ಕೊಹೆರೆಂಟ್ ಕರೆದು ಮಾಸ್ಕ್ (ಕಾರ್ಡ್ ಬಲ್ಲ ವಿಳಾಸದ ಅಗಲ) 64 ಬಿಟ್ ಎಂದು ಹೇಳಿ. ಹೇಳದೆ ಬಿಟ್ಟರೆ ಕರ್ನಲ್ 32 ಬಿಟ್ ಎಂದೇ ಹಿಡಿಯುತ್ತದೆ, ನಿಮ್ಮಲ್ಲಿ ಆಗಿರುವುದು ಹೆಚ್ಚಾಗಿ ಇದೇ. ‘64 ಆಗದಿದ್ದರೆ 32 ಕೇಳು’ ಎಂದು ಹಳೆಯ ಡ್ರೈವರುಗಳಲ್ಲಿ ಕಾಣುವ ಎರಡನೇ ಯತ್ನ ಈಗ ಬೇಕಿಲ್ಲ, 64ರ ಕೋರಿಕೆ ಸೋಲುವುದಿಲ್ಲ. ಮಾಸ್ಕ್ ಹಿಗ್ಗಿಸಿದ ಮೇಲೆ ಮೇಲಿನ ರಿಜಿಸ್ಟರಿಗೂ ಬರೆಯಲು ಮರೆಯಬೇಡಿ. ಮರೆತರೆ ಕಾರ್ಡ್ ಕೆಳಗಿನ ಇನ್ಯಾರದೋ ಮೆಮೊರಿಗೆ ಬರೆಯುತ್ತದೆ, ಲಾಗ್‌ನಲ್ಲಿ ಏನೂ ಕಾಣುವುದಿಲ್ಲ.

ಒಂದೇ ರಿಜಿಸ್ಟರ್ ಇದ್ದರೆ ಮೂರು ದಾರಿ. ಡ್ರೈವರ್ ಲೋಡ್ ಆಗುವಾಗಲೇ ಡಿಎಂಎ_ಅಲಾಕ್_ಕೊಹೆರೆಂಟ್‌ನಿಂದ ಕೆಲವು ಬಫರ್ ತೆಗೆದುಕೊಂಡು ಅವನ್ನೇ ಸರದಿಯಲ್ಲಿ ಬಳಸಿ. ಮಾಸ್ಕ್ 32 ಇದ್ದರೆ ಅವು 4 ಜಿಬಿ ಒಳಗೇ ಸಿಗುತ್ತವೆ. ಇಲ್ಲವೇ 1 ಎಂಬಿಯನ್ನು ಸಣ್ಣ ತುಂಡು ಮಾಡಿ ಸ್ಕ್ಯಾಟರ್ ಪಟ್ಟಿಯಾಗಿ ಕೊಡಿ. ಇಲ್ಲವೇ ಬಯಾಸ್‌ನಲ್ಲಿ ಇಂಟೆಲ್ ಯಂತ್ರಗಳ ವಿಟಿ-ಡಿ ತೆರೆದು ಐಒಎಂಎಂಯು (ಡಿವೈಸ್ ಕೊಡುವ ವಿಳಾಸವನ್ನು ಭೌತಿಕ ವಿಳಾಸಕ್ಕೆ ತಿರುಗಿಸುವ ಹಾರ್ಡ್‌ವೇರ್) ಚಾಲೂ ಮಾಡಿ. ಆಗ ಮೇಲಿನ ಪುಟಕ್ಕೂ 4 ಜಿಬಿ ಒಳಗಿನ ಒಂದು ವಿಳಾಸ ಸಿಕ್ಕಿ ನಕಲಿನ ಖರ್ಚೇ ಉಳಿಯುತ್ತದೆ. ಕರ್ನಲ್‌ನಿಂದ ಮೆಮೊರಿ ಪಡೆಯುವ ಕೆಮ್ಯಾಲಕ್‌ಗೆ, 4 ಜಿಬಿ ಒಳಗಿನದೇ ಬೇಕೆನ್ನುವ ಜಿಎಫ್‌ಪಿ_ಡಿಎಂಎ32 ಸೇರಿಸಿ ನೋಡುವ ಯೋಚನೆ ಇದ್ದರೆ ಬಿಡಿ, ಕೆಮ್ಯಾಲಕ್ ಅದನ್ನು ಒಪ್ಪುವುದಿಲ್ಲ.

ನೀವು ಕಳಿಸಿದ ತುಣುಕಿನಲ್ಲಿ ಡಿಎಂಎ_ಮ್ಯಾಪ್_ಸಿಂಗಲ್ ನಂತರ ಡಿಎಂಎ_ಮ್ಯಾಪಿಂಗ್_ಎರರ್ ಪರೀಕ್ಷೆ ಇಲ್ಲ. ಬಂದ ವಿಳಾಸ ಸೊನ್ನೆಯೇ ಎಂದು ನೋಡಿದ್ದೀರಿ. ಸೊನ್ನೆ ಸರಿಯಾದ ಡಿಎಂಎ ವಿಳಾಸವೂ ಆಗಿರಬಹುದು, ಸೋಲಿನ ಗುರುತು ಬೇರೆ. ಇದನ್ನು ಇವತ್ತೇ ತಿದ್ದಿ.

ಹಿಂಜವಡಿ, ಪುಣೆ: ಆರ್ಮ್ ಸಿಪಿಯುವಿನ ಜಿಂಕ್-7000 ಬೋರ್ಡಿನಲ್ಲಿ ಸಣ್ಣ ಪ್ಯಾಕೆಟ್ ತೆಗೆದುಕೊಳ್ಳುವ ಡ್ರೈವರ್. ಬಂದ ಡೇಟಾದಲ್ಲಿ ಆಗೀಗ ಮೊದಲ 28 ಬೈಟ್ ಹಿಂದಿನ ಪ್ಯಾಕೆಟ್ಟಿನದು, ಉಳಿದದ್ದು ಸರಿ. ಲಾಗ್‌ಗೆ ಬರೆಯುವ ಪ್ರಿಂಟ್‌ಕೆ ಸಾಲು ಸೇರಿಸಿದರೆ ದೋಷ ಮಾಯ. ಇದೇ ತರ್ಕ ಪಿಸಿಯಲ್ಲಿ ಒಮ್ಮೆಯೂ ತಪ್ಪಿಲ್ಲ. ಹಾರ್ಡ್‌ವೇರ್ ದೋಷವೇ?

ಉತ್ತರ: ಹಾರ್ಡ್‌ವೇರನ್ನು ದೂರಬೇಡಿ. 28 ಎಂಬ ಅಂಕಿಯೇ ಕಳ್ಳನನ್ನು ಹಿಡಿದುಕೊಟ್ಟಿದೆ. ನಿಮ್ಮ ಸ್ಟ್ರಕ್ಟ್ ನೋಡಿ: ಮೊದಲು 4 ಬೈಟಿನ ಕೌಂಟ್, ಅದಕ್ಕೆ ಅಂಟಿಕೊಂಡೇ 64 ಬೈಟಿನ ಆರ್‌ಎಕ್ಸ್ (ಬಂದ ಡೇಟಾ ಹಿಡಿಯುವ) ಬಫರ್. ಜಿಂಕ್-7000ರ ಕಾರ್ಟೆಕ್ಸ್-ಎ9ರಲ್ಲಿ ಕ್ಯಾಶ್ ಲೈನ್, ಅಂದರೆ ಮೆಮೊರಿಯಿಂದ ಸಿಪಿಯುವಿನ ಕ್ಯಾಶಿಗೆ ಒಮ್ಮೆಗೆ ಬರುವ ತುಂಡು, 32 ಬೈಟ್. 32ರಲ್ಲಿ 4 ಕಳೆದರೆ 28. ಅಂದರೆ ಬಫರಿನ ಮೊದಲ 28 ಬೈಟ್ ಮತ್ತು ಕೌಂಟ್ ಒಂದೇ ಲೈನಿನಲ್ಲಿ ಕೂತಿವೆ.

ಈಗ ಆಗುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿ. ನೀವು ಬಫರನ್ನು ಡಿಎಂಎ_ಫ್ರಮ್_ಡಿವೈಸ್ ಎಂದು ಮ್ಯಾಪ್ ಮಾಡಿದಿರಿ, ಕ್ಯಾಶ್ ಖಾಲಿಯಾಯಿತು, ಬಫರ್ ಡಿವೈಸಿನ ಕೈಗೆ ಹೋಯಿತು. ಡಿವೈಸ್ ಇನ್ನೂ ಬರೆಯುತ್ತಿರುವಾಗಲೇ ಟೈಮರ್ ಹ್ಯಾಂಡ್ಲರ್ ಕೌಂಟನ್ನು ಒಂದು ಏರಿಸಿತು. ಅದಕ್ಕಾಗಿ ಆ 32 ಬೈಟಿನ ಲೈನ್ ಇಡಿಯಾಗಿ ಕ್ಯಾಶಿಗೆ ಬಂತು, ಜೊತೆಗೆ ಹಳೆಯ 28 ಬೈಟೂ ಬಂದವು. ಲೈನ್ ಈಗ ಕೊಳೆ, ಅಂದರೆ ಮೆಮೊರಿಗೆ ಮರಳಿ ಬರೆಯಬೇಕಾದದ್ದು. ಅಷ್ಟರಲ್ಲಿ ಡಿವೈಸ್ ಹೊಸ ಡೇಟಾ ಬರೆದು ಮುಗಿಸಿತು. ಅನ್‌ಮ್ಯಾಪ್ ಮಾಡುವಾಗ ಕರ್ನಲ್ ಗಡಿಯಲ್ಲಿ ಅರ್ಧ ನಿಮ್ಮದು ಅರ್ಧ ಬೇರೆಯವರದು ಆಗಿರುವ ಲೈನನ್ನು ಎಸೆಯುವಂತಿಲ್ಲ, ಎಸೆದರೆ ಕೌಂಟ್ ಕಳೆದುಹೋಗುತ್ತದೆ. ಹಾಗಾಗಿ ಮೆಮೊರಿಗೆ ಬರೆದೇ ಖಾಲಿ ಮಾಡುತ್ತದೆ. ಹೊಸ 28 ಬೈಟಿನ ಮೇಲೆ ಹಳೆಯದು ಬಿತ್ತು. ಪ್ರಿಂಟ್‌ಕೆ ಹಾಕಿದಾಗ ಸಮಯ ಸ್ವಲ್ಪ ಸರಿದು ಕೌಂಟ್ ಏರುವ ಗಳಿಗೆ ಡಿಎಂಎ ನಡೆಯುವ ಹೊತ್ತಿನಿಂದ ಆಚೆ ಬೀಳುತ್ತದೆ, ಅಷ್ಟೇ. ದೋಷ ಹೋಗಿಲ್ಲ, ಅಡಗಿದೆ.

ಪರಿಹಾರ: ಆರ್‌ಎಕ್ಸ್ ಬಫರನ್ನು ಸ್ಟ್ರಕ್ಟ್ ಹೊಟ್ಟೆಯಿಂದ ತೆಗೆದು ಪ್ರತ್ಯೇಕವಾಗಿ ಕೆಮ್ಯಾಲಕ್ ಮಾಡಿ. ಕೆಮ್ಯಾಲಕ್ ಕೊಡುವ ತುಂಡು ಡಿಎಂಎಗೆ ಬೇಕಾದ ಗಡಿಗೆ ಹೊಂದಿಕೊಂಡೇ ಬರುತ್ತದೆ. ಒಳಗೇ ಇಡಲೇಬೇಕಾದರೆ ಬಫರಿಗೂ ಅದರ ನಂತರದ ಸದಸ್ಯನಿಗೂ, ಎರಡಕ್ಕೂ ಕ್ಯಾಶ್‌ಲೈನ್_ಅಲೈನ್ಡ್ ಗುರುತು ಹಾಕಬೇಕು. ಮೊದಲನೆಯದಕ್ಕೆ ಮಾತ್ರ ಹಾಕಿ ನಿಲ್ಲಿಸುವವರೇ ಹೆಚ್ಚು. ಆಗ ತಲೆ ಸರಿಯಾಗಿ ಬಾಲ ಕೆಡುತ್ತದೆ.

ಒಂದೇ ಬಫರನ್ನು ಮತ್ತೆ ಮತ್ತೆ ಬಳಸುವುದಾದರೆ ಪ್ರತಿ ಸಲ ಮ್ಯಾಪ್-ಅನ್‌ಮ್ಯಾಪ್ ಬೇಕಿಲ್ಲ. ಮುಗಿದ ಇಂಟರಪ್ಟ್ ಬಂದ ಮೇಲೆ ಡಿಎಂಎ_ಸಿಂಕ್_ಸಿಂಗಲ್_ಫಾರ್_ಸಿಪಿಯು ಕರೆಯಿರಿ, ಬಫರ್ ನಿಮ್ಮ ಕೈಗೆ ಬಂತು. ಓದಿ ಮುಗಿಸಿ. ಡಿಎಂಎ_ಸಿಂಕ್_ಸಿಂಗಲ್_ಫಾರ್_ಡಿವೈಸ್ ಕರೆಯಿರಿ, ಕೈಬಿಟ್ಟಿರಿ. ಆಮೇಲೆ ಡಿವೈಸಿಗೆ ಚಾಲನೆ ಕೊಡಿ. ಈ ಎರಡರ ನಡುವೆ ಬಿಟ್ಟು ಬೇರೆ ಹೊತ್ತಿನಲ್ಲಿ ಆ ಬಫರಿನ ಒಂದು ಬೈಟನ್ನೂ ಇಣುಕಿ ನೋಡಬೇಡಿ, ಬರೀ ಓದಿದರೂ ಹಳೆಯ ಲೈನ್ ಕ್ಯಾಶಿಗೆ ಬಂದು ಕೂರುತ್ತದೆ. ದಿಕ್ಕು ಮ್ಯಾಪ್ ಮಾಡಿದಾಗ ಹೇಳಿದ್ದೇ ಇರಲಿ. ಗೊತ್ತಿಲ್ಲವೆಂದು ಎಲ್ಲಕ್ಕೂ ಬೈಡೈರೆಕ್ಷನಲ್ ಹಾಕುವುದು ಸೋಮಾರಿತನ, ಅನಗತ್ಯ ಕ್ಯಾಶ್ ಕೆಲಸ ಹೆಚ್ಚುತ್ತದೆ.

ಪಿಸಿಯಲ್ಲಿ ಏಕೆ ತಪ್ಪಲಿಲ್ಲ? ಅಲ್ಲಿ ಡಿವೈಸ್ ಬರೆಯುವುದನ್ನು ಹಾರ್ಡ್‌ವೇರೇ ಗಮನಿಸಿ ಕ್ಯಾಶನ್ನು ಸರಿಪಡಿಸುತ್ತದೆ, ಸಿಂಕ್ ಕರೆ ಬಹುತೇಕ ಏನೂ ಮಾಡುವುದಿಲ್ಲ. ಜಿಂಕ್-7000ರಲ್ಲಿ ಮೆಮೊರಿಗೆ ಹೋಗುವ ದಾರಿಗಳಾದ ಎಚ್‌ಪಿ ಪೋರ್ಟ್‌ಗಳಿಗೆ ಆ ಅನುಕೂಲ ಇಲ್ಲ, ಎಸಿಪಿ ಪೋರ್ಟಿಗೆ ಇದೆ. ಪಿಸಿಯಲ್ಲೇ ಸಿಂಕ್ ಮರೆತ ಜಾಗ ಹುಡುಕಬೇಕಿದ್ದರೆ ಒಂದು ಉಪಾಯ: ಬೂಟ್ ಸಾಲಿಗೆ ‘ಸ್ವಿಯೋಟಿಎಲ್‌ಬಿ=ಫೋರ್ಸ್’ ಸೇರಿಸಿ. ಎಲ್ಲ ಡಿಎಂಎಯೂ ನಕಲಿನ ಮೂಲಕವೇ ಹೋಗುವುದರಿಂದ ಸಿಂಕ್ ತಪ್ಪಿದ ಕಡೆ ಹೊಸ ಡೇಟಾ ಬರುವುದೇ ಇಲ್ಲ, ಆಗೀಗಿನ ದೋಷ ಪ್ರತಿ ಸಲದ ದೋಷವಾಗುತ್ತದೆ. ಮೇಲಿನ ಲೈನ್ ಹಂಚಿಕೆಯ ದೋಷ ಮಾತ್ರ ಇದರಲ್ಲಿ ಸಿಗುವುದಿಲ್ಲ.

ಪೊವಾಯಿ, ಮುಂಬಯಿ: ಎಫ್‌ಪಿಜಿಎಯ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಲ್ಲ ಚಿಪ್) ಎಎಕ್ಸ್‌ಐ ಡಿಎಂಎ ಘಟಕದಲ್ಲಿ 16000 ಬೈಟ್ ಹೋಗುತ್ತದೆ, 16384 ಹೋಗುವುದಿಲ್ಲ.

ಉತ್ತರ: ಉದ್ದದ ರಿಜಿಸ್ಟರಿನ ಅಗಲ ಮಾಮೂಲಿಯಾಗಿ 14 ಬಿಟ್. ಗರಿಷ್ಠ 16383 ಬೈಟ್. 16384 ಬರೆದರೆ ಕೆಳಗಿನ 14 ಬಿಟ್‌ನಲ್ಲಿ ಉಳಿಯುವುದು ಸೊನ್ನೆ. ವಿನ್ಯಾಸದಲ್ಲಿ ಅಗಲವನ್ನು 26ರವರೆಗೆ ಏರಿಸಬಹುದು, ಚಿಪ್ಪಿಗೆ ತುಂಬುವ ಬಿಟ್‌ಸ್ಟ್ರೀಮ್ ಫೈಲನ್ನು ಮತ್ತೆ ಮಾಡಬೇಕು. ಅಲ್ಲಿಗೇ ನಿಲ್ಲಬೇಡಿ. ಬೋರ್ಡಿನ ಹಾರ್ಡ್‌ವೇರನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀಯಲ್ಲಿ ಎಸ್‌ಜಿ-ಲೆಂಗ್ತ್-ವಿಡ್ತ್ ಎಂಬ ಗುಣ ಇಲ್ಲದಿದ್ದರೆ ಡ್ರೈವರ್ 23 ಬಿಟ್ ಎಂದು ಭಾವಿಸಿಕೊಳ್ಳುತ್ತದೆ. ಹಾರ್ಡ್‌ವೇರ್ 14, ಡ್ರೈವರ್ 23 ಎಂದರೆ ಹೊಂದಿಕೆ ಹೇಗಾದೀತು? ಎರಡೂ ಕಡೆ ಒಂದೇ ಅಂಕಿ ಇರಲಿ.

ಇದೇ ಪತ್ರದ ಇನ್ನೊಂದು ದೂರು, ‘ಸಬ್ಮಿಟ್ ಮಾಡಿದರೂ ಏನೂ ಶುರುವಾಗುವುದಿಲ್ಲ’ ಎಂಬುದು. ಡಿಎಂಎಎಂಜಿನ್_ಸಬ್ಮಿಟ್ ಸರದಿಗೆ ಸೇರಿಸುತ್ತದೆ, ಓಡಿಸುವುದಿಲ್ಲ. ಓಡಿಸಲು ಡಿಎಂಎ_ಅಸಿಂಕ್_ಇಶ್ಯೂ_ಪೆಂಡಿಂಗ್ ಬೇಕು. ಮತ್ತೆ, ಬಫರ್ ಮ್ಯಾಪ್ ಮಾಡುವಾಗ ನಿಮ್ಮ ಪೆರಿಫೆರಲ್‌ನ ಡಿವೈಸ್ ಕೊಡಬೇಡಿ. ಮೆಮೊರಿ ಮುಟ್ಟುವುದು ಡಿಎಂಎ ಕಂಟ್ರೋಲರ್, ಅದರ ಡಿವೈಸನ್ನೇ ಕೊಡಿ.

ವೆರ್ಣಾ, ಗೋವಾ: ಮಾಡ್ಯೂಲ್ ತೆಗೆದ ಒಂದೆರಡು ನಿಮಿಷಕ್ಕೆ ಕೆಲವೊಮ್ಮೆ ಕರ್ನಲ್ ಬೀಳುತ್ತದೆ. ಬೀಳುವ ಜಾಗ ಪ್ರತಿ ಸಲ ಬೇರೆ, ನಮ್ಮ ಡ್ರೈವರಿನ ಹೆಸರೇ ಕಾಣುವುದಿಲ್ಲ.

ಉತ್ತರ: ಹೆಸರು ಕಾಣದಿರುವುದೇ ಡಿಎಂಎಯ ಸಹಿ. ನೀವು ಬಿಟ್ಟುಕೊಟ್ಟ ಪುಟ ಈಗ ಬೇರೆಯವರ ಬಳಕೆಯಲ್ಲಿದೆ, ಕಾರ್ಡ್ ಮಾತ್ರ ಹಳೆಯ ವಿಳಾಸಕ್ಕೆ ಬರೆಯುತ್ತಲೇ ಇದೆ. ಮಾಡ್ಯೂಲ್ ತೆಗೆಯುವಾಗ ಓಡುವ ರಿಮೂವ್‌ನ ಕ್ರಮ ಹೀಗಿರಲಿ. ಮೇಲಿನಿಂದ ಹೊಸ ಕೆಲಸ ಬರದಂತೆ ತಡೆಯಿರಿ. ಕಾರ್ಡಿನ ಸ್ಟಾಪ್ ಬಿಟ್ ಬರೆಯಿರಿ, ಕೂಡಲೇ ಯಾವುದಾದರೂ ರಿಜಿಸ್ಟರನ್ನು ಓದಿ. ಪಿಸಿಐನಲ್ಲಿ ಬರೆದದ್ದು ದಾರಿಯಲ್ಲೇ ಉಳಿದಿರಬಹುದು, ಓದಿದರೆ ಅದು ಕಾರ್ಡ್ ತಲುಪಲೇಬೇಕು. ಕಾರ್ಡ್ ಸ್ತಬ್ಧವಾಯಿತೆಂದು ಸ್ಟೇಟಸ್ ಹೇಳುವವರೆಗೆ ಕಾಯಿರಿ, ಆದರೆ ಕಾಲಮಿತಿ ಇಟ್ಟು. ರೀಡ್‌ಎಲ್_ಪೋಲ್_ಟೈಮೌಟ್ ಇದಕ್ಕೆಂದೇ ಇದೆ. ನಂತರ ಫ್ರೀ_ಐಆರ್‌ಕ್ಯು, ಅದು ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ನಿಲ್ಲುತ್ತದೆ. ವರ್ಕ್ ಇದ್ದರೆ ಕ್ಯಾನ್ಸಲ್_ವರ್ಕ್_ಸಿಂಕ್. ಪಿಸಿಐ_ಕ್ಲಿಯರ್_ಮಾಸ್ಟರ್ ಕರೆದರೆ ಕಾರ್ಡಿಗೆ ಬಸ್ ಹಿಡಿಯುವ ಅಧಿಕಾರವೇ ಹೋಗುತ್ತದೆ. ಇಷ್ಟಾದ ಮೇಲಷ್ಟೇ ಅನ್‌ಮ್ಯಾಪ್, ಫ್ರೀ.

ಪಡೆದದ್ದನ್ನು ತಾನೇ ಬಿಡುಗಡೆ ಮಾಡುವ ಡೆವ್‌ಎಂ ಸರಣಿ ಬಳಸಿದ್ದೀರಿ, ಅದರಲ್ಲೊಂದು ಜಾರಿ ಬೀಳುವ ಗುಂಡಿ ಇದೆ. ರಿಮೂವ್ ಮುಗಿದ ನಂತರ, ಪಡೆದದ್ದರ ತಿರುಗು ಕ್ರಮದಲ್ಲಿ ಬಿಡುಗಡೆ ನಡೆಯುತ್ತದೆ. ಇಂಟರಪ್ಟ್ ಮೊದಲು ಕೇಳಿ, ಆಮೇಲೆ ಡಿಎಂಎಎಂ_ಅಲಾಕ್_ಕೊಹೆರೆಂಟ್ ಕರೆದಿದ್ದರೆ ಮೆಮೊರಿ ಮೊದಲು ಹೋಗುತ್ತದೆ, ಹ್ಯಾಂಡ್ಲರ್ ಇನ್ನೂ ಜೀವಂತ. ಪ್ರೋಬ್‌ನಲ್ಲಿ ಮೆಮೊರಿ ಮೊದಲು, ಇಂಟರಪ್ಟ್ ಕೊನೆಗೆ. ಶಟ್‌ಡೌನ್ ಕಾಲ್‌ಬ್ಯಾಕ್‌ನಲ್ಲೂ ಕಾರ್ಡ್ ನಿಲ್ಲಿಸುವ ಸಾಲು ಹಾಕಿ, ಕೆಎಕ್ಸೆಕ್‌ನಿಂದ (ಪೂರ್ತಿ ರೀಬೂಟ್ ಇಲ್ಲದೆ ಕರ್ನಲ್ ಬದಲಿಸುವ ವಿಧಾನ) ಹೊಸ ಕರ್ನಲ್ ಎದ್ದಾಗ ಹಳೆಯ ಡಿಎಂಎ ಅದರ ಮೇಲೆ ಬೀಳಬಾರದಲ್ಲ.

ಠಾಣೆ: ವಿಟಿ-ಡಿ ಆನ್ ಮಾಡಿದ ಕೂಡಲೇ ‘ಡಿಎಂಎಆರ್: ಡಿಎಂಎ ರೈಟ್… ಫಾಲ್ಟ್ ರೀಸನ್ 05’ ಎಂದು ಲಾಗ್ ತುಂಬುತ್ತದೆ. ‘ಐಒಎಂಎಂಯು=ಪಿಟಿ’ ಹಾಕಿದರೆ ನಿಲ್ಲುತ್ತದೆ. ಹಾಗೇ ಬಿಡಬಹುದೇ?

ಉತ್ತರ: ಬಿಡಬೇಡಿ. ಐಒಎಂಎಂಯು ಕಾವಲಿಗೆ ನಿಂತಿದೆ, ನೀವು ಕಾವಲುಗಾರನನ್ನು ಮನೆಗೆ ಕಳಿಸುತ್ತಿದ್ದೀರಿ. 05 ಎಂದರೆ ಬರೆಯಲು ಅನುಮತಿ ಇಲ್ಲದ ವಿಳಾಸಕ್ಕೆ ಡಿವೈಸ್ ಬರೆಯಲು ಹೋಗಿದೆ ಎಂದರ್ಥ. 06 ಆಗಿದ್ದರೆ ಓದಲು ಹೋಗಿದೆ. ಅದೇ ಸಾಲಿನಲ್ಲಿ ಡಿವೈಸಿನ ಸಂಖ್ಯೆ, ತಪ್ಪಿದ ವಿಳಾಸ ಎರಡೂ ಇರುತ್ತವೆ. ಆ ವಿಳಾಸವನ್ನು ನಿಮ್ಮ ಡ್ರೈವರ್ ಮ್ಯಾಪ್ ಮಾಡಿ ಪಡೆದ ವಿಳಾಸಗಳ ಜೊತೆ ಹೋಲಿಸಿ. ಯಾವುದಕ್ಕೂ ಹತ್ತಿರವಿಲ್ಲದಿದ್ದರೆ ಎಲ್ಲೋ ವರ್ಟ್_ಟು_ಫಿಸ್‌ನಿಂದ ತೆಗೆದ ಭೌತಿಕ ವಿಳಾಸವನ್ನು ಕಾರ್ಡಿಗೆ ಕೊಟ್ಟಿದ್ದೀರಿ. ಪಿಟಿ ಹಾಕಿದಾಗ ನಿಲ್ಲುವುದನ್ನು ನೋಡಿದರೆ ಇದೇ ಇರಬೇಕು, ಆಗ ಎರಡೂ ವಿಳಾಸ ಒಂದೇ ಆಗುತ್ತವೆ. ವಿಳಾಸ ನಿಮ್ಮದೇ, ಆದರೂ ಫಾಲ್ಟ್ ಎಂದರೆ ದಿಕ್ಕು ತಪ್ಪು: ಟು_ಡಿವೈಸ್ ಎಂದು ಮ್ಯಾಪ್ ಮಾಡಿದ್ದನ್ನು ಡಿವೈಸ್ ಬರೆಯಲು ಹೋಗಿದೆ. ಬಫರಿನ ಕೊನೆಯಾಚೆಗಿನ ವಿಳಾಸವಾದರೆ ಉದ್ದ ತಪ್ಪು. ಇದು ಪುಟದ ಗಡಿ ದಾಟಿದಾಗ ಮಾತ್ರ ಸಿಗುತ್ತದೆ, 4 ಕೆಬಿ ಒಳಗಿನ ಉಕ್ಕು ಐಒಎಂಎಂಯುಗೆ ಕಾಣದು. ಪರೀಕ್ಷೆಯ ಯಂತ್ರದಲ್ಲಿ ‘ಐಒಎಂಎಂಯು.ಸ್ಟ್ರಿಕ್ಟ್=1’ ಇರಲಿ, ಇಲ್ಲದಿದ್ದರೆ ಅನ್‌ಮ್ಯಾಪ್ ಆದ ಮೇಲೂ ಸ್ವಲ್ಪ ಹೊತ್ತು ಹಳೆಯ ದಾರಿ ತೆರೆದೇ ಇದ್ದು ಬೇಗ ಅನ್‌ಮ್ಯಾಪ್ ಮಾಡಿದ ತಪ್ಪು ತಪ್ಪಿಸಿಕೊಳ್ಳುತ್ತದೆ.

ಮಾಟುಂಗಾ, ಮುಂಬಯಿ: ಹಳೆಯ ಡ್ರೈವರ್ ಹೊಸ ಕರ್ನಲ್‌ನಲ್ಲಿ ಕಂಪೈಲ್ ಆಗುತ್ತಿಲ್ಲ, ಪಿಸಿಐ_ಅಲಾಕ್_ಕನ್ಸಿಸ್ಟೆಂಟ್ ಸಿಗುವುದಿಲ್ಲ ಎನ್ನುತ್ತದೆ.

ಉತ್ತರ: ಪಿಸಿಐ ಹೆಸರಿನ ಆ ಹಳೆಯ ಸರಣಿಯನ್ನು 2022ರ 5.18 ಕರ್ನಲ್‌ನಲ್ಲಿ ತೆಗೆದುಹಾಕಿದರು. ಪಿಸಿಐ_ಮ್ಯಾಪ್_ಸಿಂಗಲ್ ಇದ್ದಲ್ಲಿ ಡಿಎಂಎ_ಮ್ಯಾಪ್_ಸಿಂಗಲ್ ಹಾಕಿ, ಪಿಡೆವ್ ಬದಲು ಅದರೊಳಗಿನ ಡೆವ್‌ನ ವಿಳಾಸ ಕೊಡಿ. ದಿಕ್ಕಿನ ಹೆಸರುಗಳೂ ಬದಲಾಗಬೇಕು. ಅಲಾಕ್‌ನಲ್ಲಿ ಒಂದು ಗಮನ: ಹಳೆಯದು ಒಳಗೊಳಗೇ, ನಿದ್ರಿಸದೆ ಮೆಮೊರಿ ಕೇಳುವ ಜಿಎಫ್‌ಪಿ_ಅಟಾಮಿಕ್ ಬಳಸುತ್ತಿತ್ತು. ಪ್ರೋಬ್‌ನಂಥ ನಿದ್ರಿಸಬಹುದಾದ ಕಡೆ ಜಿಎಫ್‌ಪಿ_ಕರ್ನಲ್ ಕೊಡಿ, ದೊಡ್ಡ ಬಫರ್ ಸಿಗುವ ಸಾಧ್ಯತೆ ಹೆಚ್ಚು.

ಮಡಗಾಂವ್, ಗೋವಾ: ರಾಸ್ಪ್‌ಬೆರಿ ಪೈ 4ರಲ್ಲಿ ಡಿಎಂಎ ಕಂಟ್ರೋಲರಿಗೆ ಭೌತಿಕ ವಿಳಾಸ ಕೊಟ್ಟರೂ ಡೇಟಾ ಬರುವುದಿಲ್ಲ.

ಉತ್ತರ: ಪೈ 4ರ ಹಳೆಯ ಮಾದರಿಯ ಡಿಎಂಎ ಚಾನೆಲ್‌ಗಳಿಗೆ ಮೆಮೊರಿಯ ಮೊದಲ 1 ಜಿಬಿ ಮಾತ್ರ ಕಾಣುತ್ತದೆ, ಅದೂ 3 ಜಿಬಿ ಗುರುತಿನಿಂದ ಶುರುವಾಗುವ ವಿಳಾಸದಲ್ಲಿ. ಭೌತಿಕ ವಿಳಾಸಕ್ಕೆ 3 ಜಿಬಿ ಕೂಡಿಸಿದ್ದು ಬಸ್ ವಿಳಾಸ. ಕೈಯಲ್ಲಿ ಕೂಡಿಸಬೇಡಿ. ಡಿವೈಸ್ ಟ್ರೀಯ ಡಿಎಂಎ-ರೇಂಜಸ್‌ನಲ್ಲಿ ಇದು ಬರೆದಿದೆ, ಮ್ಯಾಪ್ ಕರೆ ತಾನೇ ನೋಡಿಕೊಳ್ಳುತ್ತದೆ.

ಡೊಂಬಿವಲಿಯ ವಿದ್ಯಾರ್ಥಿ: ಕೊಹೆರೆಂಟ್ ಯಾವಾಗ, ಸ್ಟ್ರೀಮಿಂಗ್ ಯಾವಾಗ? ಕಲಿಯಲು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಯಾವ ಬೋರ್ಡ್ ಕೊಳ್ಳಲಿ?

ಉತ್ತರ: ಇಬ್ಬರೂ ಸದಾ ಮುಟ್ಟುವ ಸಣ್ಣ ವಸ್ತುವಿಗೆ, ಅಂದರೆ ಡಿಸ್ಕ್ರಿಪ್ಟರ್ ರಿಂಗ್ (ಬಫರುಗಳ ವಿಳಾಸ, ಉದ್ದ ಬರೆದಿಡುವ ಸುತ್ತು ಪಟ್ಟಿ), ಸ್ಟೇಟಸ್ ಪದ ಇಂಥವಕ್ಕೆ ಕೊಹೆರೆಂಟ್. ಒಮ್ಮೆ ಸಾಗಿ ಮುಗಿಯುವ ದೊಡ್ಡ ಡೇಟಾಕ್ಕೆ ಸ್ಟ್ರೀಮಿಂಗ್, ಅಂದರೆ ಮ್ಯಾಪ್-ಅನ್‌ಮ್ಯಾಪ್. ಕ್ಯಾಶ್ ಹೊಂದಾಣಿಕೆ ಇಲ್ಲದ ಆರ್ಮ್ ಬೋರ್ಡಿನಲ್ಲಿ ಕೊಹೆರೆಂಟ್ ಮೆಮೊರಿಗೆ ಕ್ಯಾಶೇ ಇರುವುದಿಲ್ಲ, ಅದರಿಂದ ದೊಡ್ಡ ಡೇಟಾ ಓದಿಸಿದರೆ ಸಿಪಿಯು ತೆವಳುತ್ತದೆ. 64 ಬೈಟ್ ಕೇಳಿದರೂ ಇಡೀ ಪುಟ ಹೋಗುವುದರಿಂದ ಸಣ್ಣ ತುಂಡುಗಳಿಗೆ ಡಿಎಂಎ_ಪೂಲ್ ಬಳಸಿ. ಸ್ಟ್ಯಾಕ್ ಮೇಲಿನ ಅರೇ, ವಿಮ್ಯಾಲಕ್ ಮೆಮೊರಿ, ಮಾಡ್ಯೂಲಿನ ಸ್ಟ್ಯಾಟಿಕ್ ಅರೇ ಈ ಮೂರನ್ನೂ ಡಿಎಂಎ_ಮ್ಯಾಪ್_ಸಿಂಗಲ್‌ಗೆ ಕೊಡಬಾರದು. ಕೊಹೆರೆಂಟ್ ಎಂದ ಮಾತ್ರಕ್ಕೆ ಬರೆದ ಕ್ರಮದ ಭರವಸೆ ಇಲ್ಲ. ಡಿಸ್ಕ್ರಿಪ್ಟರಿನಲ್ಲಿ ವಿಳಾಸ, ಉದ್ದ ತುಂಬಿಸಿ, ಬರೆದ ಕ್ರಮ ಕಾಯುವ ಡಿಎಂಎ_ಡಬ್ಲ್ಯುಎಂಬಿ ಹಾಕಿ, ಆಮೇಲೆ ಒಡೆತನದ ಬಿಟ್ ಬದಲಿಸಿ. ವಾಪಸು ಓದುವಾಗ ಬಿಟ್ ನೋಡಿ, ಡಿಎಂಎ_ಆರ್‌ಎಂಬಿ ಹಾಕಿ, ಉದ್ದ ಓದಿ.

ಬೋರ್ಡಿಗೆ ದುಡ್ಡು ಹಾಕುವುದು ಸದ್ಯ ಬೇಡ. ಕ್ಯೂಎಮು ಎಮ್ಯುಲೇಟರಿನಲ್ಲಿ ‘ಎಡು’ ಎಂಬ ಪಿಸಿಐ ಡಿವೈಸ್ ಕಲಿಯುವವರಿಗೆಂದೇ ಇದೆ. ಅದರೊಳಗೆ 4096 ಬೈಟಿನ ಡಿಎಂಎ ಬಫರ್, ಮೂಲ ವಿಳಾಸ, ಗುರಿ ವಿಳಾಸ, ಉದ್ದ, ಆಜ್ಞೆ ಎಂಬ ನಾಲ್ಕು ರಿಜಿಸ್ಟರ್. ಬೇಕೆಂದೇ 28 ಬಿಟ್ ವಿಳಾಸ ಮಾತ್ರ ಕೊಟ್ಟಿದ್ದಾರೆ, ಅಂದರೆ 256 ಎಂಬಿ. ವರ್ಚುವಲ್ ಯಂತ್ರಕ್ಕೆ 256 ಎಂಬಿ ಮೆಮೊರಿ ಕೊಟ್ಟರೆ ಮಾಸ್ಕ್ ಮರೆತರೂ ನಡೆದುಬಿಡುತ್ತದೆ. 2 ಜಿಬಿ ಕೊಡಿ, ಮಾಸ್ಕ್ ಮರೆಯಿರಿ, ವಿಳಾಸದ ಮೇಲಿನ ಬಿಟ್‌ಗಳನ್ನು ಕತ್ತರಿಸಿದ್ದೇನೆಂದು ಕ್ಯೂಎಮುವೇ ‘ಕ್ಲ್ಯಾಂಪಿಂಗ್’ ಸಾಲು ಮುದ್ರಿಸುತ್ತದೆ. ಪಿಸಿಐ_ಸೆಟ್_ಮಾಸ್ಟರ್ ಸಾಲನ್ನೂ ಒಮ್ಮೆ ತೆಗೆದು ನೋಡಿ. ರಿಜಿಸ್ಟರುಗಳೆಲ್ಲ ಸರಿಯಾಗಿ ಓದಲು ಬರುತ್ತವೆ, ಡೇಟಾ ಮಾತ್ರ ಬರುವುದಿಲ್ಲ. ಪಿಸಿಐ ಡಿವೈಸುಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐಯಲ್ಲಿ ಬಸ್‌ಮಾಸ್ಟರ್ ಎದುರು ಕೂಡುವ ಚಿಹ್ನೆ ಇದೆಯೋ ಕಳೆಯುವ ಚಿಹ್ನೆ ಇದೆಯೋ ನೋಡುವ ಅಭ್ಯಾಸ ಇಲ್ಲಿಂದಲೇ ಆಗಲಿ.

ಕರ್ನಲನ್ನು ಕಾನ್‌ಫಿಗ್_ಡಿಎಂಎ_ಎಪಿಐ_ಡಿಬಗ್ ಹಾಕಿ ಕಟ್ಟಿಕೊಳ್ಳಿ. ಎರರ್ ಪರೀಕ್ಷೆ ಮರೆತದ್ದು, ತಪ್ಪು ಗಾತ್ರದಲ್ಲಿ ಬಿಡುಗಡೆ ಮಾಡಿದ್ದು, ಸ್ಟ್ಯಾಕ್ ಮ್ಯಾಪ್ ಮಾಡಿದ್ದು ಎಲ್ಲಕ್ಕೂ ಅದು ಎಚ್ಚರಿಕೆ ಕೊಡುತ್ತದೆ. ಆದರೆ ತಾನಾಗಿ ಮೊದಲನೇ ತಪ್ಪನ್ನು ಮಾತ್ರ ಮುದ್ರಿಸಿ ಸುಮ್ಮನಾಗುತ್ತದೆ. ಡಿಬಗ್ಎಫ್‌ಎಸ್‌ನ ಡಿಎಂಎ-ಎಪಿಐ ಫೋಲ್ಡರಿನಲ್ಲಿ ಆಲ್_ಎರರ್ಸ್ ಎಂಬ ಫೈಲಿಗೆ 1 ಬರೆದರೆ ಉಳಿದವೂ ಹೊರಬರುತ್ತವೆ.